ಕಲಬುರಗಿ ಬಿಸಿಲಿಗೆ ಯಾವ ಪೇಸ್ಟ್? ಲ್ಯಾಪ್‌ಟಾಪ್ ನಾಲ್ಕು ಸಲ ಬಿಚ್ಚಿದ ಮೇಲೆ

ನಮ್ಮ ಮಹಡಿ ಕೋಣೆಯಲ್ಲಿ ಏಪ್ರಿಲ್ ಮಧ್ಯಾಹ್ನ ಫ್ಯಾನ್ ತಿರುಗುತ್ತಿದ್ದರೂ 38 ಡಿಗ್ರಿ ಇರುತ್ತೆ. ಅಲ್ಲೇ ಕೂತು ವಿಡಿಯೊ ಎಡಿಟ್ ಮಾಡೋ ಹುಚ್ಚು ನನಗೆ. 2018ರ ದೀಪಾವಳಿಗೆ ತಗೊಂಡ ಲ್ಯಾಪ್‌ಟಾಪ್ ನಾಲ್ಕು ಬೇಸಿಗೆ ಹೇಗೋ ತಡೆಯಿತು. 2023ರಲ್ಲಿ ಕೈ ಎತ್ತಿತು. ಪ್ರೊಸೆಸರ್ 97 ಡಿಗ್ರಿ ಮುಟ್ಟೋದು, ಆಮೇಲೆ ತಾನೇ ವೇಗ ಇಳಿಸಿಕೊಂಡು ತೆವಳೋದು.

ಅಲ್ಲಿಂದ ಇಲ್ಲಿವರೆಗೆ ನಾಲ್ಕು ಸಲ ಬಿಚ್ಚಿದ್ದೇನೆ. ಪೇಸ್ಟ್ ಅಂದ್ರೆ ಥರ್ಮಲ್ ಪೇಸ್ಟ್, ಪ್ರೊಸೆಸರ್ ಚಿಪ್‌ನ ಕಾವನ್ನು ಅದರ ಮೇಲೆ ಕೂರೋ ಲೋಹದ ಹೀಟ್‌ಸಿಂಕ್‌ಗೆ ದಾಟಿಸೋದಕ್ಕೆ ನಡುವೆ ಹಚ್ಚೋದು. ಪ್ರತಿ ಸಲ ಒಂದೇ ವಿಡಿಯೊ, 20 ನಿಮಿಷ, ಅದೇ ಟೇಬಲ್, ಗೋಡೆಯ ಥರ್ಮಾಮೀಟರ್ 38ರ ಹತ್ತಿರ ಬಂದಾಗಲೇ ಅಳತೆ. ಡಿಸೆಂಬರ್‌ನಲ್ಲಿ ಅಳೆದು ಪೇಸ್ಟ್ ಸೂಪರ್ ಅಂದರೆ ಅದು ಚಳಿಯ ಮಹಿಮೆ, ಪೇಸ್ಟಿಂದಲ್ಲ.

ಮೊದಲ ಸಲ ಪೇಸ್ಟ್ ಮುಟ್ಟಲೇ ಇಲ್ಲ, ಧೂಳು ಮಾತ್ರ ತೆಗೆದೆ. ತಳದ ಹತ್ತು ಸ್ಕ್ರೂ ಬಿಚ್ಚಿದರೂ ಮುಚ್ಚಳ ಅಲುಗಾಡಲಿಲ್ಲ. ಇನ್ನೆರಡು ಹಿಂದಿನ ರಬ್ಬರ್ ಪಟ್ಟಿ ಕೆಳಗೆ ಅಡಗಿದ್ದವು. ಹಳೇ ಎಟಿಎಂ ಕಾರ್ಡ್ ತೂರಿಸಿ ಸುತ್ತ ಎಬ್ಬಿಸಿದೆ, ಬಲ ಮೂಲೆಯ ಒಂದು ಕ್ಲಿಪ್ ಟಕ್ ಅಂತ ಮುರಿಯಿತು. ಒಳಗೆ ಹೋದ ತಕ್ಷಣ ಬ್ಯಾಟರಿ ಕನೆಕ್ಟರ್ ಬಿಡಿಸಬೇಕು, ಅದಕ್ಕಿಂತ ಮುಂಚೆ ಏನನ್ನೂ ಮುಟ್ಟಬೇಡಿ. ಫ್ಯಾನ್ ಮತ್ತು ತಾಮ್ರದ ರೆಕ್ಕೆಗಳ ನಡುವಿನ ಟೇಪ್ ಎಬ್ಬಿಸಿದಾಗ ನಿಜ ಸಂಗತಿ ಕಂಡಿತು: ಕಂಬಳಿ ತುಂಡು ಕತ್ತರಿಸಿ ಇಟ್ಟ ಹಾಗೆ ಧೂಳಿನ ದಪ್ಪ ಪದರ. ನಮ್ಮ ಮನೆ ಊರ ಅಂಚಿನಲ್ಲಿದೆ, ತೊಗರಿ ರಾಶಿ ಕಾಲಕ್ಕೆ ಹೊಟ್ಟಿನ ಧೂಳೆಲ್ಲಾ ಕಿಟಕಿಯಿಂದ ಒಳಗೇ ಬರುತ್ತೆ, ಅದೇ ಇದು. ಚಿಮಟದಿಂದ ಎಳೆದರೆ ಇಡಿಯಾಗಿ ಬಂತು. ಉಳಿದದ್ದನ್ನು ಬ್ಲೋವರ್‌ನಿಂದ ಊದಿದೆ, ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಬೇಕು, ಇಲ್ಲಾಂದ್ರೆ ಗಿರ್ರಂತ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು. 97 ಇದ್ದದ್ದು 90ಕ್ಕೆ ಬಂತು. ಒಂದು ರೂಪಾಯಿ ಖರ್ಚಿಲ್ಲ!

ಅಷ್ಟಕ್ಕೆ ಸುಮ್ನೆ ಇರಬಹುದಿತ್ತು.

ವಾರ ಬಿಟ್ಟು ಅಂಗಡಿಯಲ್ಲಿ ಸಿಕ್ಕ ಹೆಸರಿಲ್ಲದ ಬಿಳಿ ಪೇಸ್ಟ್ ತಂದೆ, 50 ರೂಪಾಯಿ. "ಎಲ್ಲಾ ಒಂದೇ ಅದ ರೀ ಅಣ್ಣಾ" ಅಂದ ಅಂಗಡಿಯವ. ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ 1, 2, 3, 4 ಅಂತ ಬರೆದಿರುತ್ತೆ. ಬಿಗಿಮಾಡುವಾಗ ಅದೇ ಕ್ರಮ, ಸ್ವಲ್ಪ ಸ್ವಲ್ಪ. ಹಳೇ ಪೇಸ್ಟ್ ಒಣಗಿ ಹಿಡಿದಿದ್ದರೆ ಜಗ್ಗಬೇಡಿ, ಬಿಚ್ಚುವ ಮೊದಲು ಐದು ನಿಮಿಷ ಲ್ಯಾಪ್‌ಟಾಪ್ ಓಡಿಸಿ ಬಿಸಿ ಮಾಡಿ, ಆಮೇಲೆ ಮೆಲ್ಲಗೆ ತಿರುಚಿದರೆ ಬಿಡುತ್ತೆ. ಮೊದಲ ವಾರ 84 ಬಂದಾಗ ಅವನು ಹೇಳಿದ್ದು ಸರಿ ಅನ್ನಿಸಿತು. ಆರು ವಾರಕ್ಕೆ 91! ಎತ್ತಿ ನೋಡಿದರೆ ಹಳೇ ಗೋಡೆಯ ಸುಣ್ಣದ ಹಾಗೆ ಪುಡಿ ಉದುರಿತು, ಚಿಪ್‌ನ ನಡುವೆ ಬೋಳು.

ಇದಕ್ಕೆ ಕಾರಣ ಇದೆ. ಡೆಸ್ಕ್‌ಟಾಪ್ ಪ್ರೊಸೆಸರ್ ಮೇಲೆ ಇರೋ ಲೋಹದ ಮುಚ್ಚಳ ಲ್ಯಾಪ್‌ಟಾಪ್ ಚಿಪ್ ಮೇಲೆ ಇರಲ್ಲ. ಬರೀ ಸಿಲಿಕಾನ್ ಚಿಪ್ ಮೇಲೆ ಹೀಟ್‌ಸಿಂಕ್ ನೇರ ಕೂರುತ್ತೆ. ಕಾದು ಹಿಗ್ಗಿ, ಆರಿ ಕುಗ್ಗಿ, ಪ್ರತಿ ಸಲ ಪೇಸ್ಟ್ ಸ್ವಲ್ಪ ಸ್ವಲ್ಪ ಅಂಚಿಗೆ ಜಾರುತ್ತೆ. ನಮ್ಮೂರಲ್ಲಿ ಲ್ಯಾಪ್‌ಟಾಪ್ ದಿನವೂ ಕೆಂಡದಂತೆ ಕಾಯುತ್ತೆ, ಹಾಗಾಗಿ ಈ ಜಾರಾಟವೂ ಜಾಸ್ತಿ.

ಮೂರನೆಯದು ಆರ್ಕ್ಟಿಕ್ ಕಂಪನಿಯ ಎಂಎಕ್ಸ್-4 ಪೇಸ್ಟ್, ನಾಲ್ಕು ಗ್ರಾಂ ಸಿರಿಂಜ್, 500ರ ಆಸುಪಾಸು. ಹಚ್ಚೋದಕ್ಕೆ ಇಷ್ಟು ಸಲೀಸಾದದ್ದು ಬೇರೆ ಇಲ್ಲ. ವಿದ್ಯುತ್ ಹರಿಸಲ್ಲ, ಹಾಗಾಗಿ ಆಚೀಚೆ ಬಿದ್ದರೂ ಬೋರ್ಡಿಗೆ ಭಯ ಇಲ್ಲ. ಮೊದಲ ದಿನವೇ 80. ಮುಂದಿನ ಏಪ್ರಿಲ್‌ಗೆ, ಧೂಳು ತೆಗೆದು ಅಳೆದರೆ, 87. ಕೆಟ್ಟದ್ದೇನಲ್ಲ, ಆದರೆ ವರ್ಷಕ್ಕೊಮ್ಮೆ ಹೀಟ್‌ಸಿಂಕ್ ಎತ್ತಬೇಕಲ್ಲ, ಅದೇ ನನಗೆ ಬೇಜಾರು.

2024ರ ಮೇ ತಿಂಗಳಲ್ಲಿ ಹನಿವೆಲ್‌ನ ಪಿಟಿಎಂ7950 ತರಿಸಿದೆ. ಇದು ಪೇಸ್ಟ್ ಅಲ್ಲ, ಕಾಲು ಮಿಲಿಮೀಟರ್ ದಪ್ಪದ ಬೂದು ಹಾಳೆ. 45 ಡಿಗ್ರಿ ಸುಮಾರಿಗೆ ಮೆತ್ತಗಾಗಿ ಚಿಪ್ ಮೇಲೆ ಹರಡುತ್ತೆ, ಆರಿದಾಗ ಗಟ್ಟಿಯಾಗುತ್ತೆ, ಹಾಗಾಗಿ ಜಾರಿ ಹೋಗೋದು ಕಮ್ಮಿ. ತೊಂದರೆ ಏನಂದ್ರೆ ಕಲಬುರಗಿಯ ಮೇನಲ್ಲಿ ಕೋಣೆಯೇ 40 ಡಿಗ್ರಿ! ಎರಡೂ ಕಡೆ ಪ್ಲಾಸ್ಟಿಕ್ ಪೊರೆ ಇರುತ್ತೆ, ಒಂದನ್ನು ಸುಲಿಯೋದಕ್ಕೆ ಹೋದರೆ ಹಾಳೆಯೂ ಬೇಸಿಗೆ ಡಾಂಬರಿನ ಹಾಗೆ ಜೊತೆಗೇ ಎದ್ದು ಬಂತು. ಮೊದಲ ತುಂಡು ಹಾಳು. ಎರಡನೆಯದನ್ನು ಫ್ರಿಜ್‌ನಲ್ಲಿ, ಶೇಂಗಾ ಹಿಂಡಿ ಡಬ್ಬಿ ಪಕ್ಕ, ಇಪ್ಪತ್ತು ನಿಮಿಷ ಇಟ್ಟೆ. "ಇದೇನೋ ಇಟ್ಟೀ, ಬ್ಯಾಂಡೇಜೇನು?" ಅಂದಳು ಅವ್ವ. ತಣ್ಣಗಾದ ಮೇಲೆ ಪೊರೆ ಚಟ್ ಅಂತ ಬಿಟ್ಟಿತು.

ಮೊದಲ ದಿನ 85 ತೋರಿಸಿದಾಗ 800 ರೂಪಾಯಿ ನೀರಿಗೆ ಹೋಯ್ತು ಅಂದುಕೊಂಡೆ. ಆದರೆ ಇದು ಹತ್ತಾರು ಸಲ ಕಾದು ಆರಿದ ಮೇಲೆಯೇ ಸರಿಯಾಗಿ ಕೂರೋದು. ವಾರಕ್ಕೆ 79. 2025ರ ಏಪ್ರಿಲ್‌ನಲ್ಲಿ, ಹೀಟ್‌ಸಿಂಕ್ ಮುಟ್ಟದೆ, 80.

ಹಾಗಾಗಿ ನನ್ನ ಆಯ್ಕೆ ಪಿಟಿಎಂ. ಅದು ಎಲ್ಲಕ್ಕಿಂತ ತಂಪು ಅಂತಲ್ಲ, ಹೊಸದರಲ್ಲಿ ಎಂಎಕ್ಸ್-4 ಅದಕ್ಕೆ ಸಮನೇ ಇತ್ತು. ಮತ್ತೆ ಮತ್ತೆ ಹೀಟ್‌ಸಿಂಕ್ ಎತ್ತೋ ಕೆಲಸ ತಪ್ಪಿಸುತ್ತೆ, ಅಷ್ಟೇ. ಫ್ಯಾನ್ ಬೇರೆಯಾಗಿ ಬಿಚ್ಚಿ ಬರೋ ಮಾಡೆಲ್ ಆಗಿದ್ದರೆ ವರ್ಷಕ್ಕೊಮ್ಮೆ ಧೂಳು ತೆಗೆಯೋದಕ್ಕೆ ಚಿಪ್ ಕಡೆ ಹೋಗಲೇ ಬೇಕಿಲ್ಲ. ಮೊದಲ ಸಲ ಬಿಚ್ಚುವವರು ಎಂಎಕ್ಸ್-4 ತಗೊಳ್ಳಿ, ತಪ್ಪಾದರೆ ಒರೆಸಿ ಮತ್ತೆ ಹಚ್ಚಬಹುದು. ಬಿಳಿ ಪೇಸ್ಟ್ ಅಂಗಡಿಯಲ್ಲೇ ಬಿಟ್ಟು ಬನ್ನಿ. ಲಿಕ್ವಿಡ್ ಮೆಟಲ್ (ಪೇಸ್ಟ್ ಬದಲು ಹಚ್ಚೋ ದ್ರವ ಲೋಹ) ಬಗ್ಗೆ ಕೇಳೋರಿಗೆ: ನಾನು ಹಚ್ಚಿಲ್ಲ, ಅದು ವಿದ್ಯುತ್ ಹರಿಸುತ್ತೆ, ಅಲ್ಯೂಮಿನಿಯಂ ತಿನ್ನುತ್ತೆ, ನನ್ನ ಕೈ ನಡುಗುತ್ತೆ.

ಉಳಿದ ಪಿಟಿಎಂ ತುಂಡು ಇನ್ನೂ ಫ್ರಿಜ್‌ನಲ್ಲೇ ಇದೆ, ತಂಗಿಯ ಲ್ಯಾಪ್‌ಟಾಪ್‌ಗೆ ಅಂತ. ಬಲ ಮೂಲೆ ಕ್ಲಿಪ್ ನೋಡಿದ್ದಾಳೆ, ಕೊಡ್ತಿಲ್ಲ.