ಒಂದೇ ಸೂಜಿಯಲ್ಲಿ ದಾರ ಕಟ್ ಆಗ್ತಿದ್ಯಾ? ಟೈಮಿಂಗ್ ಮುಟ್ಟಿಸಬೇಡಿ

ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್ ಇಟ್ಟುಕೊಂಡವರು ಇದನ್ನೊಮ್ಮೆ ಓದಿ. ಏಪ್ರಿಲ್‌ನಲ್ಲಿ, ಮದುವೆ ಸೀಸನ್ ಜೋರಾಗಿದ್ದಾಗ, ನನ್ನ ಮಷಿನ್ ಐದು ದಿನ ನಿಂತಿತ್ತು. ಕೈಯಿಂದ ಹತ್ತು ಸಾವಿರದ ಮೇಲೆ ಹೋಯಿತು. ಕಾರಣ ಒಂದು ಸೂಜಿ. ನಮ್ಮೂರ ಒಂದು ಬೆಣ್ಣೆ ದೋಸೆ ದುಡ್ಡಿಗೆ ಎರಡು ಮೂರು ಬರುತ್ತವಲ್ಲ, ಅಂಥ ಸೂಜಿ.

ನನ್ನದು ದಾವಣಗೆರೆ, ನಿಟುವಳ್ಳಿ ಕಡೆ. ಮನೆ ಮುಂದಿನ ರೂಮಿನಲ್ಲೇ ಅಂಗಡಿ. ಹನ್ನೆರಡು ಸೂಜಿಯ ಒಂದು ಹೆಡ್ ಮಷಿನ್, ಅಂದರೆ ಸೂಜಿಗಳೆಲ್ಲ ಕೂರುವ ತಲೆ ಒಂದೇ. ಬ್ಲೌಸ್ ಕೆಲಸವೇ ಜಾಸ್ತಿ. ಆವತ್ತು ಒಂದೇ ಮನೆಯ ಆರು ಬ್ಲೌಸ್ ಇತ್ತು, ಎಲ್ಲದಕ್ಕೂ ಜರಿ. ಹಳೇ ಜರಿ ಕೋನ್ ಮುಗಿದಿತ್ತು. ಚೌಕಿಪೇಟೆಗೆ ಹೋಗಿ ಹೊಸದು ತಂದೆ. ಬಣ್ಣ ಅದೇ ಬಂಗಾರದ್ದು, ಹಾಗಾಗಿ ದಾರವೂ ಅದೇ ಅಂದುಕೊಂಡೆ. ಒಂಬತ್ತನೇ ಸೂಜಿಗೆ ಪೋಣಿಸಿ ಶುರು ಮಾಡಿದೆ.

ನಿಮಿಷ ಆಗಿರಲಿಲ್ಲ, ಕಟ್. ಮತ್ತೆ ಪೋಣಿಸಿದೆ, ಮತ್ತೆ ಕಟ್. ಒಂದು ಹೂವಿನ ಎಸಳು ಮುಗಿಯೋಕೆ ಎಂಟು ಸಲ ನಿಂತಿತು. ಕಟ್ ಆದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಮೇಲಿನ ಬಂಗಾರದ ಪಟ್ಟಿ ಸುಲಿದು ಹಿಂದಕ್ಕೆ ಸುರುಳಿ ಸುತ್ತಿತ್ತು, ಒಳಗಿನ ಬಿಳಿ ಎಳೆ ಒಂದೇ ನೇತಾಡುತ್ತಿತ್ತು. ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ. ಉತ್ತರ ಅಲ್ಲೇ ಇತ್ತು. ಕಣ್ಣಿಗೆ ಕಂಡರೂ ತಲೆಗೆ ಹೋಗಲಿಲ್ಲ.

ಗಾಬರಿಯಲ್ಲಿ ಪರಿಚಯದವರಿಂದ ನಂಬರ್ ಇಸ್ಕೊಂಡು ಒಬ್ಬ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಆತ ಬಂದ, ಒಂದು ಸಲ ಓಡಿಸಿದ, ದಾರ ಕಟ್ ಆಯಿತು. "ಟೈಮಿಂಗ್ ಔಟ್ ಆಗಿದೆ ಮೇಡಂ, ಹುಕ್ಕಿನ ಮೊನೆ ಸವೆದಿದೆ, ಬದಲಾಯಿಸಲೇಬೇಕು." ಹುಕ್ ಅಂದರೆ ಪ್ಲೇಟಿನ ಕೆಳಗೆ ತಿರುಗ್ತಾ ಸೂಜಿಯ ದಾರ ಹಿಡಿಯುವ ಭಾಗ; ಸೂಜಿಯೂ ಅದೂ ಸರಿಯಾದ ಕ್ಷಣಕ್ಕೆ ಸೇರುವುದೇ ಟೈಮಿಂಗ್. ಯಾವ ಸೂಜಿಯಲ್ಲಿ ಕಟ್ ಆಗ್ತಿದೆ ಅಂತ ಆತ ಕೇಳಲೇ ಇಲ್ಲ. ಪ್ಲೇಟ್ ಬಿಚ್ಚಿ, ಹಳೇ ಹುಕ್ ತೆಗೆದು, ಬ್ಯಾಗಿನಲ್ಲಿದ್ದ ಹೊಸದನ್ನು ಕೂರಿಸಿದ. ಆಮೇಲೆ ಚೆಕ್ ಮಾಡಿ ತೋರಿಸಿದ್ದು ಎರಡನೇ ಸೂಜಿಯ ಕೆಂಪು ದಾರದಲ್ಲಿ! ಅದು ಮೊದಲೂ ಚೆನ್ನಾಗೇ ಓಡುತ್ತಿತ್ತು. ಅದು ನನಗೆ ಹೊಳೆದಿದ್ದು ಆತ ಹೋದ ಮೇಲೆ. ಹುಕ್ಕಿಗೆ 7,500, ಕೂಲಿ 1,500. ಬಿಲ್ ಕೇಳಲಿಲ್ಲ.

ಹಳೇ ಹುಕ್ಕನ್ನು ಆತ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದ. ನಮ್ಮ ಅತ್ತೆ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸ್ತಾ ಇದ್ದವರು, "ದುಡ್ಡು ಕೊಟ್ಟ ಮೇಲೆ ಹಳೇದೂ ನಮ್ಮದೇ ಅಲ್ವೇನಪ್ಪಾ" ಅಂತ ಇಸ್ಕೊಂಡು ಗುಂಡಿ, ಕೊಕ್ಕೆ ಇಡುವ ಡಬ್ಬಿಗೆ ಹಾಕಿದರು. ಅತ್ತೆಗೆ ಮಷಿನ್ ಏನೂ ಗೊತ್ತಿಲ್ಲ. ಸುಮ್ನೆ ಯಾವುದನ್ನೂ ಬಿಡುವವರಲ್ಲ, ಅಷ್ಟೇ.

ಆತ ಗೇಟು ದಾಟಿದ ಅರ್ಧ ಗಂಟೆಯಲ್ಲಿ ಜರಿ ಮತ್ತೆ ಕಟ್. ಸಂಜೆ ಹೊತ್ತಿಗೆ ಬೇರೆ ಬಣ್ಣಗಳೂ ಹೊಲಿಗೆ ಬಿಡೋಕೆ ಶುರು ಮಾಡಿದವು. ಕೆಳಗಿನಿಂದ ಟಕ್ ಟಕ್ ಸದ್ದು. ನಾಲ್ಕನೇ ಸೂಜಿ ಮುರಿದು ಹಾರಿತು. ಫೋನ್ ಮಾಡಿದರೆ "ಹೊಸ ಪಾರ್ಟು, ಸೆಟ್ ಆಗೋಕೆ ಎರಡು ದಿನ ಬೇಕು" ಅಂದ. ಕಬ್ಬಿಣದ ಹುಕ್ಕೇನು ಹೊಸ ಚಪ್ಪಲಿಯೇ, ಸೆಟ್ ಆಗೋಕೆ? ಆದರೂ ಎರಡು ದಿನ ಕಾದೆ. ಮೂರನೇ ದಿನ ಆತ ಫೋನ್ ಎತ್ತಲಿಲ್ಲ. ಮದುವೆ ಮನೆಯವರು ಬಂದು ಆರು ಬ್ಲೌಸನ್ನೂ ವಾಪಸ್ ತಗೊಂಡು ಹೋದರು.

ಕೊನೆಗೆ ಹರಿಹರದಿಂದ ಒಬ್ಬ ಹಿರಿಯರನ್ನು ಕರೆಸಿದೆ. ಬಸ್ಸಿಳಿದು ಬಂದವರು ಟೂಲ್ಸ್ ತೆಗೆಯಲೇ ಇಲ್ಲ. ಕೂತು ನೀರು ಕುಡಿದು ಕೇಳಿದರು. "ಮೊದಲು ಯಾವ ಸೂಜೀಲಿ ಕಟ್ ಆಗ್ತಿತ್ತಮ್ಮ?"

"ಒಂಬತ್ತರಲ್ಲಿ."

"ಬೇರೆಯವು?"

"ಚೆನ್ನಾಗಿದ್ದವು."

"ಮತ್ತೆ ಹುಕ್ಕಿಗೆ ಯಾಕೆ ಕೈ ಹಾಕಿಸಿದ್ರಿ?"

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಒಂದು ಹೆಡ್ಡಿನಲ್ಲಿ ಸೂಜಿ ಹನ್ನೆರಡಿರಲಿ ಹದಿನೈದಿರಲಿ, ಕೆಳಗೆ ಹುಕ್ ಒಂದೇ, ಕೆಳದಾರ ಸುತ್ತಿದ ಬಾಬಿನ್ ಒಂದೇ. ಯಾವ ಸೂಜಿ ಇಳಿದರೂ ಅದೇ ಹುಕ್ ಬಂದು ದಾರ ಹಿಡಿಯಬೇಕು. ಟೈಮಿಂಗ್ ಕೆಟ್ಟಿದ್ದರೆ ಹೆಚ್ಚು ಕಮ್ಮಿ ಎಲ್ಲ ಸೂಜಿಯೂ ತೊಂದರೆ ಕೊಡುತ್ತವೆ. ಒಂದೇ ಸೂಜಿ ಕಾಟ ಕೊಟ್ಟರೆ ತಪ್ಪು ಆ ಸೂಜಿಯ ದಾರಿಯಲ್ಲೇ ಇರುತ್ತದೆ. ಆ ಕೋನ್, ದಾರದ ಬಿಗಿ ಹೊಂದಿಸುವ ಆ ಟೆನ್ಷನ್ ಗುಂಡಿ, ಆ ಸೂಜಿ. ಎಲ್ಲದರಲ್ಲೂ ಕಟ್ ಆಗುತ್ತಿದ್ದರೆ ಮಾತ್ರ ಕೆಳಗೆ ನೋಡಬೇಕು. ಆಗಲೂ ಮೊದಲು ಬಾಬಿನ್ ಕೂರುವ ಕೇಸು, ಆಮೇಲೆ ಹುಕ್.

ಹೊಸ ಹುಕ್ಕನ್ನು ಬೆರಳಲ್ಲಿ ಅಲ್ಲಾಡಿಸಿದರು. ಅಲ್ಲಾಡಿತು! ಸ್ಕ್ರೂ ಸರಿಯಾಗಿ ಬಿಗಿದಿರಲಿಲ್ಲ, ಓಡ್ತಾ ಓಡ್ತಾ ಜಾರಿತ್ತು. "ಹಳೇದು ಇದ್ಯಾ?" ಅಂದರು. ಅತ್ತೆ ಡಬ್ಬಿ ತಂದರು. ಅವರು ಹಳೇ ಹುಕ್ಕಿನ ಮೊನೆ ಮೇಲೆ ಉಗುರು ಎಳೆದು ನೋಡಿ, ನನಗೂ ಎಳೆಯೋಕೆ ಹೇಳಿದರು. ನುಣ್ಣಗಿತ್ತು, ಎಲ್ಲೂ ತಡೆಯಲಿಲ್ಲ. ಸವೆದೂ ಇರಲಿಲ್ಲ, ಏನೂ ಇರಲಿಲ್ಲ. ಅದನ್ನೇ ವಾಪಸ್ ಕೂರಿಸಿ, ಕೈಯಲ್ಲಿ ಶಾಫ್ಟ್ ತಿರುಗಿಸ್ತಾ ಟೈಮಿಂಗ್ ಹಿಡಿದರು. ಸೂಜಿ ಕೆಳಗೆ ಮುಟ್ಟಿ ಸ್ವಲ್ಪ ಮೇಲೇಳುವಾಗ, ಅದರ ಕಣ್ಣಿನ ಮೇಲ್ಗಡೆ ಹುಕ್ಕಿನ ಮೊನೆ ಹಾದುಹೋಗಬೇಕು. ನಡುವೆ ಒಂದು ಹಾಳೆ ತೂರುವಷ್ಟೇ ಜಾಗ. ಇದನ್ನು ಅಂದಾಜಿನಲ್ಲಿ ಮಾಡೋಕಾಗಲ್ಲ ಅಂತ ನೋಡಿದ ಮೇಲೆ ಗೊತ್ತಾಯಿತು.

ಜರಿ ವಿಷಯಕ್ಕೆ ಅವರು ತೆಗೆದುಕೊಂಡಿದ್ದು ಹತ್ತು ನಿಮಿಷ. ಒಂಬತ್ತಕ್ಕೆ ಕೆಂಪು ದಾರ ಹಾಕಿದರು, ಚೆನ್ನಾಗಿ ಓಡಿತು. ಜರಿಯನ್ನು ಮೂರಕ್ಕೆ ಹಾಕಿದರು, ಅಲ್ಲೂ ಕಟ್. ಅಂದರೆ ತೊಂದರೆ ಜರಿಯ ಜೊತೆಗೇ ಹೋಗುತ್ತಿತ್ತು. ನನ್ನ ಎಲ್ಲ ಸೂಜಿಯೂ 75/11 ಸೈಜಿನವು. ಮಾಮೂಲಿ ದಾರಕ್ಕೆ ಅದು ಸರಿ. ಹೊಸ ಜರಿ ಹಳೇದಕ್ಕಿಂತ ದಪ್ಪ, ಆ ಸಣ್ಣ ಕಣ್ಣಲ್ಲಿ ಉಜ್ಜಿ ಉಜ್ಜಿ ಸುಲಿಯುತ್ತಿತ್ತು. ದೊಡ್ಡ ಕಣ್ಣಿನ 90/14 ಸೂಜಿ ಹಾಕಿ, ಮೇಲಿನ ಟೆನ್ಷನ್ ಸ್ವಲ್ಪ ಸಡಿಲ ಮಾಡಿ, ಸ್ಪೀಡನ್ನು ನಿಮಿಷಕ್ಕೆ 850 ಹೊಲಿಗೆಯಿಂದ 600ಕ್ಕೆ ಇಳಿಸಿದರು. ಕೋನಿನಿಂದ ಜರಿ ಒಟ್ಟಿಗೆ ಜಾರಿ ಗಂಟಾಗದ ಹಾಗೆ ಒಂದು ಬಲೆ ತೊಡಿಸಿದರು. ಇಡೀ ತೋಳಿನ ಡಿಸೈನ್ ಒಂದೂ ಕಟ್ ಇಲ್ಲದೆ ಮುಗಿಯಿತು. ನಿಂತು ನೋಡ್ತಾ ಇದ್ದ ನನಗೆ ಖುಷಿಗಿಂತ ಹೊಟ್ಟೆ ಉರಿಯೇ ಜಾಸ್ತಿ ಆಯಿತು.

ಹೋಗುವಾಗ ಬಾಬಿನ್ ನೋಡೋದನ್ನೂ ಹೇಳಿಕೊಟ್ಟರು. ಕೇಸನ್ನು ದಾರದಲ್ಲಿ ನೇತುಹಾಕಿ ಮೆಲ್ಲಗೆ ಜಗ್ಗಬೇಕು. ಒಂದೆರಡು ಇಂಚು ಇಳಿದು ನಿಂತರೆ ಸರಿ. ಸರ್ ಅಂತ ಇಳಿದುಬಿಟ್ಟರೆ ಸಡಿಲ, ಅಲ್ಲಾಡದಿದ್ದರೆ ಬಿಗಿ. ಒತ್ತೊತ್ತಾಗಿ ತುಂಬುವ ಸ್ಯಾಟಿನ್ ಹೊಲಿಗೆಯ ಹಿಂಬದಿ ತಿರುಗಿಸಿದರೆ ನಡುವೆ ಮೂರರಲ್ಲೊಂದು ಭಾಗ ಬಿಳಿ ಬಾಬಿನ್ ದಾರ ಕಾಣಬೇಕು. ಕೇಸಿನ ಪಟ್ಟಿ ಸ್ಪ್ರಿಂಗಿನ ಕೆಳಗೆ ವಿಸಿಟಿಂಗ್ ಕಾರ್ಡಿನ ಮೂಲೆ ಎಳೆದಾಗ ಬಂದ ಧೂಳಿನ ಉಂಡೆ ನೋಡಿ ನಾಚಿಕೆ ಆಯಿತು. ಹತ್ತಿ ಮಿಲ್ಲಿನ ಊರವಳು ನಾನು, ದಾರದ ಧೂಳನ್ನೇ ಮರೆತಿದ್ದೆ.

ಅವರು ತಗೊಂಡಿದ್ದು 1,200, ಬಸ್ ಚಾರ್ಜ್ ಸೇರಿ.

ನಿಮ್ಮ ಮನೆಗೆ ಮೆಕ್ಯಾನಿಕ್ ಬಂದು ನೇರವಾಗಿ ಪ್ಲೇಟ್ ಬಿಚ್ಚೋಕೆ ಹೋದರೆ ತಡೆಯಿರಿ. ಮೊದಲು ದಾರ ಅದಲು ಬದಲು ಮಾಡಿ ತೋರಿಸಿ ಅನ್ನಿ. ಯಾವುದು ಕಟ್ ಆಗುತ್ತಿತ್ತೋ ಅದೇ ದಾರದಲ್ಲಿ, ನೀವು ಓಡಿಸುವ ಸ್ಪೀಡಿನಲ್ಲೇ ಓಡಿಸಿ ತೋರಿಸುವವರೆಗೂ ದುಡ್ಡು ಕೊಡಬೇಡಿ. ಬಿಲ್ ಇಸ್ಕೊಳ್ಳಿ. ನಾನು ಆ ಮೊದಲನೇ ಮೆಕ್ಯಾನಿಕ್‌ಗೆ ಬೇರೆ ನಂಬರಿಂದ ಫೋನ್ ಮಾಡಿ, ಹೊಸ ಹುಕ್ ವಾಪಸ್ ತಗೊಳ್ಳಿ ಅಂದೆ. "ಕೂರಿಸಿದ ಪಾರ್ಟ್ ವಾಪಸ್ ಇಲ್ಲ ಮೇಡಂ" ಅಂದ. ತೋರಿಸೋಕೆ ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. 7,500 ರೂಪಾಯಿಯ ಹುಕ್ ಈಗ ಅತ್ತೆಯ ಡಬ್ಬಿಯಲ್ಲಿ, ಗುಂಡಿಗಳ ಜೊತೆ ಬಿದ್ದಿದೆ.