ಕ್ಯಾಂಪಸ್ ಮಾಸ್ಟರ್ ಪ್ಲಾನ್ ಸೇವೆ: ನಕ್ಷೆ ಸೊಗಸು, ನೆಲದಡಿಯ ಲೆಕ್ಕ ಸಡಿಲ

ನಮ್ಮ ವಿಶ್ವವಿದ್ಯಾಲಯಕ್ಕೆ ಮುಂದಿನ 20 ವರ್ಷಗಳ ಕಟ್ಟಡ ಯೋಜನೆಯನ್ನು ಸಿದ್ಧಪಡಿಸಿಕೊಟ್ಟ ವಾಸ್ತುಶಿಲ್ಪ ಸಂಸ್ಥೆಯ ಕೆಲಸವನ್ನು ಕಟ್ಟಡ ಸಮಿತಿಯ ಸದಸ್ಯನಾಗಿ ಹತ್ತಿರದಿಂದ ಕಂಡಿದ್ದೇನೆ. ವಿದ್ಯಾರ್ಥಿಗಳು ಹುಲ್ಲಿನ ಮೇಲೆ ನಡೆದು ನಡೆದು ಮೂಡಿಸಿದ್ದ ಕಾಲುದಾರಿಗಳನ್ನು ಗುರುತಿಸಿ, ಅವುಗಳನ್ನೇ ಪಾದಚಾರಿ ಮಾರ್ಗಗಳನ್ನಾಗಿ ನಕ್ಷೆಗೆ ತಂದದ್ದು ನನಗೆ ಬಹಳ ಹಿಡಿಸಿತು. 1891ರಲ್ಲಿ ಆರಂಭವಾದ ಅಮೆರಿಕದ ವಿಶ್ವವಿದ್ಯಾಲಯ ಸ್ಟ್ಯಾನ್‌ಫರ್ಡ್‌ನ ವಿನ್ಯಾಸದಲ್ಲಿ ಭೂದೃಶ್ಯ ವಿನ್ಯಾಸಕ ಫ್ರೆಡೆರಿಕ್ ಲಾ ಓಲ್ಮ್‌ಸ್ಟೆಡ್ ಅಂಗಳದ ಪಕ್ಕಕ್ಕೆ ಮತ್ತೊಂದು ಅಂಗಳ ಸೇರಿಸುತ್ತ ಬೆಳೆಯಲು ಅವಕಾಶವಿಟ್ಟಂತೆ, ಇಲ್ಲಿಯೂ ಪ್ರತಿ ವಿಭಾಗದ ಬದಿಯಲ್ಲಿ ವಿಸ್ತರಣೆಗೆ ಜಾಗ ಬಿಡಲಾಗಿದೆ. ಆದರೆ ನೆಲದಡಿಯ ಕೊಳವೆಗಳ ಹಳೆಯ ದಾಖಲೆಯನ್ನು ಸ್ಥಳದಲ್ಲಿ ಪರಿಶೀಲಿಸದೆ ನಂಬಿದ್ದರಿಂದ (ಈ ತಪ್ಪಿನಲ್ಲಿ ನಮ್ಮ ಸಮಿತಿಗೂ ಪಾಲಿದೆ), ಗ್ರಂಥಾಲಯದ ವಿಸ್ತರಣೆಗೆಂದು ಅಗೆದ ಮೊದಲ ದಿನವೇ ಒಳಚರಂಡಿ ಒಡೆದು, ಅಡಿಪಾಯದ ಜಾಗವನ್ನೇ ಬದಲಿಸಬೇಕಾಯಿತು. ಹಂತವಾರು ಅಂದಾಜುಪಟ್ಟಿ ಅಚ್ಚುಕಟ್ಟಾಗಿದೆ. ನಿರ್ವಹಣಾ ವೆಚ್ಚದ ಅಧ್ಯಾಯ ಮಾತ್ರ ಎರಡೇ ಪುಟಕ್ಕೆ ಮುಗಿದಿದೆ.