ಮತ್ಸ್ಯ ಸಂಪದ ಯೋಜನೆ: ದೋಣಿಗೆ ಹಣವಿದೆ, ಅಳಿವೆಗೆ ಯಾರು ಕೊಡುತ್ತಾರೆ?

ಮೀನುಗಾರಿಕೆಗೆ ಕೇಂದ್ರ ಸರ್ಕಾರ ನೆರವು ಕೊಡುವ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಗೆ ಅರ್ಜಿ ಹಾಕಬೇಕಾ ಬೇಡವಾ ಎಂದು ಕೇಳಿದವರಿಗೆಲ್ಲ ನಾನು ಹಾಕಿ ಎಂದೇ ಹೇಳುತ್ತೇನೆ. ಆದರೆ ಯಾವ ಕೆಲಸಕ್ಕೆ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ನಮ್ಮ ನಾಡದೋಣಿ ಮೀನುಗಾರರ ಸಂಘದ ಕಾಗದಪತ್ರ ನೋಡಿಕೊಳ್ಳುವವಳು ನಾನು. ಈ ಯೋಜನೆ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂದು ಹತ್ತಿರದಿಂದ ನೋಡಿದ್ದೇನೆ.

2020ರಲ್ಲಿ ಶುರುವಾದಾಗ ಇದರ ಗಾತ್ರ 20,050 ಕೋಟಿ ರೂಪಾಯಿ. ಅಷ್ಟೂ ಸರ್ಕಾರ ಕೊಡುವ ಹಣ ಅಲ್ಲ. ಕೇಂದ್ರದ ಪಾಲು 9,407 ಕೋಟಿ, ರಾಜ್ಯಗಳದ್ದು 4,880 ಕೋಟಿ. ಉಳಿದ 5,763 ಕೋಟಿ ಫಲಾನುಭವಿಗಳೇ ಹಾಕಬೇಕು. ಸಹಾಯಧನ ಸಾಮಾನ್ಯ ವರ್ಗಕ್ಕೆ ಘಟಕ ವೆಚ್ಚದ (ಕೊಳ, ಪಂಜರದಂಥ ಒಂದು ಕೆಲಸಕ್ಕೆ ನಿಗದಿಯಾದ ವೆಚ್ಚ) ಶೇ. 40, ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರಿಗೆ ಶೇ. 60. ಹೆಂಗಸರ ಗುಂಪುಗಳು ಇದನ್ನು ಬಿಡಲೇಬಾರದು.

ಮೀನುಗಾರಿಕೆ ನಿಷೇಧದ ಕಾಲದ ನೆರವು ನನಗೆ ತುಂಬಾ ಇಷ್ಟ. ಮೀನುಗಾರ 1,500 ರೂಪಾಯಿ ಉಳಿಸಿದರೆ ಸರ್ಕಾರ 3,000 ಸೇರಿಸುತ್ತದೆ. ಒಟ್ಟು 4,500, ತಿಂಗಳಿಗೆ 1,500ರಂತೆ ಮೂರು ತಿಂಗಳು. ಮನೆ ನಡೆಸಲು ಇದು ಸಾಲದು, ನಿಜ. ಆದರೂ ಮೀನು ಮೊಟ್ಟೆ ಇಡುವ ಕಾಲಕ್ಕೆ ಸಮುದ್ರವನ್ನು ಬಿಟ್ಟುಕೊಡುವವರಿಗೆ ಅದಕ್ಕಾಗಿ ಏನಾದರೂ ಸಿಗಬೇಕು ಅಲ್ವಾ? ಆ ನ್ಯಾಯ ಇಲ್ಲಿದೆ.

ಕೃತಕ ಬಂಡೆಗಳ ಕೆಲಸವೂ ಒಳ್ಳೆಯದು. ಕಾಂಕ್ರೀಟಿನ ಟೊಳ್ಳು ಆಕೃತಿಗಳನ್ನು ತೀರಕ್ಕೆ ಹತ್ತಿರದ ಸಮುದ್ರದ ತಳಕ್ಕೆ ಇಳಿಸುತ್ತಾರೆ. ಪಾಚಿ, ಚಿಪ್ಪುಜೀವಿಗಳು ಅಂಟಿಕೊಳ್ಳುತ್ತವೆ. ಮರಿಗಳಿಗೆ ಅಡಗಲು ಜಾಗ ಸಿಗುತ್ತದೆ, ಅವನ್ನು ಹುಡುಕಿಕೊಂಡು ಮುರುಮೀನಿನಂಥ ದೊಡ್ಡವು ಬರುತ್ತವೆ. ಇನ್ನೊಂದು ಲಾಭವೂ ಇದೆ. ಬಂಡೆ ಇರುವಲ್ಲಿ ಟ್ರಾಲ್ ಬಲೆ ಎಳೆದರೆ ಸಿಕ್ಕಿ ಹರಿಯುತ್ತದೆ, ಹಾಗಾಗಿ ಬೋಟುಗಳು ದೂರ ಇರುತ್ತವೆ. ತಳ ಕೆರೆಯುವುದು ನಿಂತರೆ ಸಾಕು, ಸಮುದ್ರ ಅರ್ಧ ತಾನೇ ಸುಧಾರಿಸಿಕೊಳ್ಳುತ್ತದೆ. ಗಾಳ ಹಾಕುವ ನಾಡದೋಣಿಯವರಿಗೆ ಇದಕ್ಕಿಂತ ಒಳ್ಳೆಯ ಅನುದಾನ ಇಲ್ಲ.

ನನ್ನ ದೊಡ್ಡ ತಕರಾರು ಅಳಿವೆಯದ್ದು, ಅಂದರೆ ಹೊಳೆ ಸಮುದ್ರ ಸೇರುವ ಜಾಗದ್ದು. ನಮ್ಮ ಅಳಿವೆಯಲ್ಲಿ ಹೂಳು ತುಂಬಿದೆ, ಕಾಂಡ್ಲಾ ಕಾಡು (ಮ್ಯಾಂಗ್ರೋವ್) ತೆಳುವಾಗಿದೆ. ಸಿಗಡಿ, ಮಾಲಾ ಮೀನಿನ ಮರಿಗಳು ಬೆಳೆಯುವುದೇ ಆ ಬೇರುಗಳ ನಡುವೆ. ಅದನ್ನು ಸರಿಪಡಿಸಲು ಹಣ ಕೇಳಿದರೆ ಒಂದು ಕಚೇರಿಯಲ್ಲಿ ಮೊದಲ ಪ್ರಶ್ನೆಯೇ "ಫಲಾನುಭವಿ ಯಾರು?" ಮೀನು ಸಾಕುವ ಪಂಜರಕ್ಕೆ, ಕೊಳಕ್ಕೆ, ಐಸ್ ಪೆಟ್ಟಿಗೆಗೆ ಒಬ್ಬ ಒಡೆಯ ಇರುತ್ತಾನೆ, ಅವನ ಹೆಸರಿಗೆ ಕಡತ ತೆರೆಯುತ್ತದೆ. ಅಳಿವೆ ಯಾರ ಹೆಸರಿನಲ್ಲೂ ಇಲ್ಲ. ಅದರ ಶೇ. 60 ವೆಚ್ಚವನ್ನು ಸರ್ಕಾರ ಕೊಟ್ಟರೂ ಉಳಿದ 40 ಯಾರು ಹಾಕಬೇಕು? ಲಾಭ ಊರಿಗೆಲ್ಲ ಹೋಗುವ ಕೆಲಸಕ್ಕೆ ಪೂರ್ತಿ ಹಣ ಕೊಡುವುದೇ ಸರಿ. ಮೀನಿನ ಉತ್ಪಾದನೆ ಹೆಚ್ಚಿಸಲು ಇಷ್ಟು ಖರ್ಚು ಮಾಡಿ, ಮೀನು ಹುಟ್ಟುವ ಜಾಗವನ್ನು ಹಾಗೇ ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಮತ್ತೊಂದು ತೊಂದರೆ, ಬಹುಪಾಲು ಘಟಕಗಳಲ್ಲಿ ಮೊದಲು ನಾವೇ ಖರ್ಚು ಮಾಡಬೇಕು. ಪರಿಶೀಲನೆ ಮುಗಿದ ಮೇಲೆ ಸಹಾಯಧನ. ಬ್ಯಾಂಕ್ ಸಾಲ ಸಿಗುವವರಿಗೆ ಪರವಾಗಿಲ್ಲ. ದಿನದ ದುಡಿಮೆ ದಿನಕ್ಕೇ ಮುಗಿಯುವವರಿಗೆ ಬಡ್ಡಿ ಜಾಸ್ತಿ ಬೀಳುತ್ತದೆ.

ಅರ್ಜಿ ಹಾಕುವವರು ಆಧಾರ್, ಪಾಸ್‌ಬುಕ್, ಜಾತಿ ಪ್ರಮಾಣಪತ್ರ, ಸಂಘದ ಸದಸ್ಯತ್ವದ ಪತ್ರ, ಕೊಟೇಶನ್ ಎಲ್ಲದರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿಕೊಳ್ಳಿ. ಕೊಟ್ಟ ಅರ್ಜಿಗೆ ಸ್ವೀಕೃತಿ ತೆಗೆದುಕೊಳ್ಳದೆ ಬರಬೇಡಿ. ಕಾಂಡ್ಲಾ ನೆಡುವ ಆಸೆಯಿದ್ದವರು 2023ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದ ಮಿಷ್ಟಿ ಯೋಜನೆಯ ಬಗ್ಗೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ನಮ್ಮ ಸಂಘ ಈಗ ಅದೇ ದಾರಿ ಹಿಡಿದಿದೆ.